ಹೊಲದಲ್ಲಿ ಹಬ್ಬ: ಎಳ್ಳಮಾವಾಸ್ಯೆಯನ್ನು ಕುರಿತು ನಾಲ್ಕು ಮಾತು



ಈ ಸಂಭ್ರಮದ ಕೂಟದಲ್ಲಿ ಕುಟುಂಬ ಜೀವನವನ್ನು ಕುರಿತು ಮಾತನಾಡಬೇಕೆಂದು ವ್ಯವಸ್ಥಾಪಕರು ಅಪ್ಪಣೆ ಮಾಡಿದ್ದಾರೆ. ವಿಷಯ ದೊಡ್ಡದು, ಅದರ ಮೇಲೆ ಬೋಧನೆ ಮಾಡುವ ಅಧಿಕಾರ ನಮಗಿಲ್ಲ. ಆದುದರಿಂದ ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಇಡೀ ಕುಟುಂಬವು ಮನೆಗೆ ಬೀಗ ಹಾಕಿ, ಬಯಲಿನಲ್ಲಿ ಕುಳಿತು ಉಣ್ಣುವ ಒಂದು ದಿನವನ್ನು ಮಾತ್ರ ಆರಿಸಿಕೊಂಡಿದ್ದೇವೆ. ಅದುವೇ ಎಳ್ಳಮಾವಾಸ್ಯೆ.

1985ರಲ್ಲಿ ಉಷ್ಣ ವಿದ್ಯುತ್ ಕೇಂದ್ರದ ಮೊದಲನೆಯ ಘಟಕವು ಚಾಲನೆಗೊಂಡಂದಿನಿಂದ ನಮ್ಮ ಈ ಊರು ನಾನಾ ಜಿಲ್ಲೆಗಳ ಜನರಿಗೆ ಮನೆಯಾಗಿದೆ. ಮೈಸೂರಿನ ಕಡೆಯಿಂದ, ಕರಾವಳಿಯಿಂದ ಬಂದವರಿಗೆ ಈ ಹಬ್ಬದ ಪರಿಚಯ ಕಡಿಮೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯ ಒಕ್ಕಲಿಗನಿಗಾದರೋ ಇದು ಯಾವ ದೊಡ್ಡ ಹಬ್ಬಕ್ಕೂ ಕಡಿಮೆಯಲ್ಲ. ಮಾರ್ಗಶಿರ ಮಾಸದ ಕೊನೆಯ ದಿನ, ಎಂದರೆ ಡಿಸೆಂಬರದ ಉತ್ತರಾರ್ಧದಲ್ಲಿ ಇಲ್ಲವೆ ಜನವರಿಯ ಮೊದಲ ಎರಡು ವಾರಗಳಲ್ಲಿ ಇದು ಬರುತ್ತದೆ. ಚಾಂದ್ರಮಾನದ ಲೆಕ್ಕವಾದುದರಿಂದ ಕೆಲವೊಮ್ಮೆ ವಿನೋದವೂ ಒದಗುವುದುಂಟು. 2022ರ ಡಿಸೆಂಬರ್ 23ರ ಅನಂತರದ ಎಳ್ಳಮಾವಾಸ್ಯೆ ಬಂದದ್ದು 2024ರ ಜನವರಿ 11ಕ್ಕೆ. ನಡುವೆ ಅಧಿಕ ಶ್ರಾವಣ ಬಂದಿತ್ತು. ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದ 2023ರಲ್ಲಿ, ಜೋಳದ ಬೆಳೆಯನ್ನು ಪೂಜಿಸುವ ಈ ದಿನವೇ ಇರಲಿಲ್ಲ! ಮರುವರ್ಷ ಎರಡು ಬಾರಿ ಬಂದು ಸಾಲ ತೀರಿಸಿತೆನ್ನಬೇಕು. ಎರಡನೆಯದು ಡಿಸೆಂಬರ್ 30ರಂದು. ಕ್ರಿಸ್ಮಸ್ಸಿಗೆಂದು ಬಂದ ಬಂಧುಗಳು ಇನ್ನೂ ಮನೆಯಲ್ಲಿದ್ದರು. ನೆರೆಯವರು ಎಲ್ಲರನ್ನೂ ಸೇರಿಸಿ ಹೊಲಕ್ಕೆ ಕರೆದರು.

ಏಕೆ ಇದೇ ಕಾಲ? ಎಡೆದೊರೆ ನಾಡಿನ ಎರೆಭೂಮಿಯಲ್ಲಿ ಉತ್ತರೆ, ಹಸ್ತ ಮಳೆಗಳಿಗೆ ಬಿತ್ತಿದ ಬಿಳಿಜೋಳವು ಈ ವೇಳೆಗೆ ಹೊಡೆ ಹಾಯ್ದು ನಿಂತಿರುತ್ತದೆ. ತೆನೆಯು ಸುಳಿಯ ಒಳಗಿದ್ದು, ಕಟ್ಟಿಗೆ ಕೆಳಗಣ ಭಾಗವು ಉಬ್ಬಿರುವ ಸ್ಥಿತಿ ಅದು. ನಮ್ಮ ಹೆಣ್ಣುಮಕ್ಕಳು ಇದನ್ನು ಪೈರಿನ ಬಸಿರೆಂದು ಕಂಡರು. ಬಸುರಿಗೆ ಬಯಕೆಯ ಊಟ ಬೇಡವೆ? ಭೂಮಿತಾಯಿಯ ಸೀಮಂತವೆಂದು ಇದನ್ನು ಕರೆಯುವುದು ಅಲಂಕಾರದ ಮಾತಲ್ಲ. ಮಾಡುವ ಅಡಿಗೆಯೆಲ್ಲ ಬಯಕೆಯ ಅಡಿಗೆಯೇ.

ಆ ಅಡಿಗೆಯ ಸಿದ್ಧತೆ ವಾರದ ಹಿಂದೆಯೇ ಮೊದಲಾಗುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಗಳನ್ನು ತೆಳ್ಳಗೆ ಬಡಿದು, ಕಟಕಟನೆ ಮುರಿಯುವಂತೆ ಒಣಗಿಸಿಡುತ್ತಾರೆ. ಅಮಾವಾಸ್ಯೆಯ ಹಿಂದಿನ ರಾತ್ರಿ ನೆಗೆಣ್ಣಿಯರಿಗೆ ನಿದ್ದೆಯಿಲ್ಲ. ಹೂರಣದ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಮತ್ತು ಅಗಸಿಯ ಚಟ್ನಿ, ಗಡಿಗೆಯಲ್ಲಿ ಹೆಪ್ಪಾದ ಮೊಸರು, ಕಾಳು ಸೊಪ್ಪುಗಳನ್ನೆಲ್ಲ ಕೂಡಿಸಿ ಹುಳಿ ಹಾಕಿ ಕುದಿಸಿದ ಭಜ್ಜಿ. ಇವನ್ನೆಲ್ಲ ಬುಟ್ಟಿಗೆ ತುಂಬಿ, ಬಿಳಿಯ ಬಟ್ಟೆ ಮುಚ್ಚಿ, ಹಿಂದೆ ಬಂಡಿಯಲ್ಲಿ ಒಯ್ಯುತ್ತಿದ್ದರು, ಇಂದು ಟ್ರ್ಯಾಕ್ಟರು.

ಹೊಲದಲ್ಲಿ ಬನ್ನಿಯ ಗಿಡದಡಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವುದು ಒಕ್ಕಲು ಮನೆತನಗಳ ಪದ್ಧತಿ. ಆ ಬಳಿಕ ಚರಗ. ಎಲ್ಲ ಅಡಿಗೆಯನ್ನೂ ಇಷ್ಟಿಷ್ಟು ಕಲಸಿ, ಒಬ್ಬರು ಪೈರಿನ ನಡುವೆ ಎರಚುತ್ತ ಮುಂದೆ ಸಾಗಿದರೆ, ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ನಡೆಯುತ್ತಾರೆ. ಬಾಯಲ್ಲಿ ದೊಡ್ಡ ಕೂಗು. ಹೊಲದ ನಾಲ್ಕೂ ಮೂಲೆಗಳು ಮುಗಿಯುವವರೆಗೆ ಮನುಷ್ಯರು ತುತ್ತೆತ್ತುವಂತಿಲ್ಲ. ಹಸಿದ ಮಕ್ಕಳಿಗೂ ಕಾಯುವುದೇ ವಿಧಿ. "ಯಜ್ಜಾ, ಹೊಲಕ್ಕೂ ಹೊಟ್ಟಿ ಹಸೀತದೇನು?" ಎಂದು ನಮ್ಮ ವಸತಿಯ ಪುಟ್ಟ ಹುಡುಗಿಯೊಬ್ಬಳು ಕೇಳಿದಳು. "ವರ್ಷಿಡೀ ನಮಗ ಹಾಕ್ತದಲ್ಲವ್ವಾ, ಒಂದಿನ ಅದಕ್ಕ ಮೊದಲು" ಎಂದರು ಹಿರಿಯರು. ಅಷ್ಟೇ. ವಿವರಣೆ ಮುಗಿಯಿತು, ಹುಡುಗಿ ತಂಬಿಗೆ ಹಿಡಿದು ಓಡಿದಳು.

ಊಟದ ಪಂಕ್ತಿಗೆ ದಾರಿಹೋಕನನ್ನೂ ಕೂಗಿ ಕರೆಯುವುದು ಈ ಹಬ್ಬದ ಹಿರಿಮೆಯೆಂದು ನಾವೆಲ್ಲ ಹೇಳುತ್ತೇವೆ. ನಿಜ. ಆದರೆ ಕೂಲಿಯವರಿಗೆ ಬದುವಿನಾಚೆ ಬೇರೆ ಬಡಿಸುತ್ತಿದ್ದ ಕಾಲವನ್ನು ಕಂಡವರೂ ನಮ್ಮ ಹಿರಿಯರಲ್ಲಿದ್ದಾರೆ. ಅದನ್ನು ಮರೆಮಾಚಿ ಹೊಗಳುವುದು ಸಲ್ಲದು. ಇಂದು ನಾವು ಕುಳಿತುಣ್ಣುವ ಪಂಕ್ತಿಯಲ್ಲಿ ಆ ಗೆರೆ ಇಲ್ಲವೆಂಬುದೇ ನಮಗೆ ಹೋಳಿಗೆಗಿಂತ ಸವಿಯಾದುದು.

ಊಟವಾದ ಮೇಲೆ ಬೇವಿನ ಕೊಂಬೆಗೆ ಜೋಕಾಲಿ, ಗಾಳಿಪಟ, ಕಡಲೆಯ ಗಿಡ ಕಿತ್ತು ಹಸಿಗಾಯಿ ಸುಲಿಯುವ ಸ್ಪರ್ಧೆ. ಸೋದರಮಾವನ ಮಕ್ಕಳು, ಚಿಗವ್ವನ ಮಕ್ಕಳು, ದೊಡ್ಡಪ್ಪನ ಮೊಮ್ಮಕ್ಕಳು ಎಂಬ ಸಂಬಂಧಗಳು ವಸತಿಗೃಹದ ಎರಡು ಕೋಣೆಗಳಲ್ಲಿ ಎಷ್ಟು ಹೇಳಿದರೂ ಮಕ್ಕಳ ತಲೆಗೆ ಹತ್ತವು. ಜೋಕಾಲಿಯ ಸರದಿಗಾಗಿ ಒಂದು ಜಗಳವಾದರೆ ಯಾರು ಯಾರ ಮಗನೆಂಬುದು ಜನ್ಮಕ್ಕೆ ನೆನಪಿರುತ್ತದೆ.

ಇಷ್ಟೆಲ್ಲ ಹೇಳಿದ್ದು ಸಂತೋಷದ ಮಾತು. ಇನ್ನು ನಮ್ಮನ್ನು ಕಾಡುವ ಸಂಗತಿಗೆ ಬರೋಣ.

ಮಾನವಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯೂ ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆ ಕಾಲುವೆಯೂ ಬಂದವು. ಬರಗಾಲದ ಸೀಮೆಗೆ ನೀರು ಬಂದುದನ್ನು ಕಂಡು ಕಣ್ಣೀರಿಡುವಷ್ಟು ಮೂರ್ಖರು ನಾವಲ್ಲ. ಆ ನೀರಿನಿಂದ ಎಷ್ಟೋ ಮನೆಗಳ ಮಕ್ಕಳು ಓದಿದರು, ಸಾಲ ತೀರಿದವು. ಆದರೆ ನೀರಿನೊಡನೆ ಭತ್ತ ಬಂತು, ಅದರ ಜೊತೆಗೆ ಹತ್ತಿ, ಮೆಣಸಿನಕಾಯಿ. ಎಳ್ಳಮಾವಾಸ್ಯೆಯ ಹೊತ್ತಿಗೆ ಮುಂಗಾರಿನ ಭತ್ತ ಕೊಯ್ದು ಗದ್ದೆಯಲ್ಲಿ ಕೂಳೆ ಮಾತ್ರ ನಿಂತಿರುತ್ತದೆ. ಹೆತ್ತು ಹಗುರಾದವಳಿಗೆ ಸೀಮಂತ ಮಾಡಿದಂತೆ, ಕೂಳೆಯ ಮೇಲೆ ಚರಗ ಚೆಲ್ಲಿ ಬರುವವರನ್ನು ನಾವು ಕಂಡಿದ್ದೇವೆ. ಇನ್ನು ಕೆಲವರು ಬುತ್ತಿ ಕಟ್ಟಿಕೊಂಡು ಉದ್ಯಾನಕ್ಕೋ ಹೊಳೆಯ ದಂಡೆಗೋ ಹೋಗಿ ಉಂಡು ಬರುತ್ತಾರೆ. ತಪ್ಪೆನ್ನಲಾರೆವು, ಅದು ವನಭೋಜನವಾಯಿತು, ಎಳ್ಳಮಾವಾಸ್ಯೆಯಾಗಲಿಲ್ಲ.

ದೇವದುರ್ಗದ ಕಡೆಯ ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಕಾಲುವೆ ಬಂದ ಮೇಲೂ ಅರ್ಧ ಎಕರೆಯಲ್ಲಿ ಮಾಲದಂಡಿ ಜೋಳವನ್ನೇ ಬಿತ್ತುತ್ತ ಬಂದಿದ್ದಾರೆ. ವರ್ಷವರ್ಷವೂ ನಾವು ಹೋಗುವುದು ಅಲ್ಲಿಗೇ. ಕಳೆದ ಬಾರಿ ಊಟಕ್ಕೆ ಕುಳಿತಾಗ ಅವರ ಮಕ್ಕಳು ಮನಸ್ಸಿನಲ್ಲಿದ್ದುದನ್ನು ಆಡಿದರು. ಸುತ್ತ ಎಲ್ಲಿಯೂ ಜೋಳವಿಲ್ಲದುದರಿಂದ ಊರ ಹಕ್ಕಿಗಳೆಲ್ಲ ಆ ತುಂಡು ಹೊಲಕ್ಕೇ ಎರಗುತ್ತವೆ. ಮೊದಲು ನೂರಾರು ಎಕರೆಗೆ ಹಂಚಿಹೋಗುತ್ತಿದ್ದ ನಷ್ಟ ಈಗ ಒಬ್ಬರ ಪಾಲಿಗೆ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಲು ಆಳು ಸಿಗುವುದಿಲ್ಲ. ಎತ್ತುಗಳು ಹೋಗಿ ಟ್ರ್ಯಾಕ್ಟರು ಬಂದುದರಿಂದ ಕಣಿಕೆಯೂ ಬೇಡವಾಯಿತು. "ನೀವೆಲ್ಲಾ ವರ್ಷಕ್ಕೊಮ್ಮೆ ಬಂದು ಉಂಡು ಹೋಗ್ತೀರಿ ಕಾಕಾ, ಹಕ್ಕಿ ಕಾಯೋರು ಯಾರು?" ಎಂದು ಹಿರಿಯ ಮಗ ಕೇಳಿದ. ಮಾತಿನಲ್ಲಿ ಕೊಂಕಿರಲಿಲ್ಲ. ಹಿರಿಯರು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಅಂದಿನಿಂದ ನಾವು ಕೆಲವು ಮನೆಗಳವರು ಕೂಡಿ ಆಲೋಚಿಸಿದ್ದೇವೆ. ಮರೆಯಾಗುತ್ತಿರುವ ಸಂಸ್ಕೃತಿಯೆಂದು ವೇದಿಕೆಯಲ್ಲಿ ನಿಟ್ಟುಸಿರುಬಿಡುವುದು ಸುಲಭ. ಆ ನಿಟ್ಟುಸಿರಿನಿಂದ ಒಂದು ಗುಬ್ಬಿಯೂ ಹಾರದು. ಎಕರೆಗೆ ಮೂರು ಕಿಲೋ ಬೀಜ ಸಾಕಾದರೆ ಅರ್ಧ ಎಕರೆಗೆ ಒಂದೂವರೆ ಕಿಲೋ. ಬೀಜದ, ಬಿತ್ತನೆಯ ಖರ್ಚು ಅತಿಥಿಗಳಾದ ನಮ್ಮದು. ಭತ್ತ ಬೆಳೆದಿದ್ದರೆ ಆ ತುಂಡಿನಿಂದ ಅವರಿಗೆ ಬರುತ್ತಿದ್ದ ಆದಾಯದಲ್ಲಿ ಕೊರೆಯಾಗುವ ಭಾಗವನ್ನು ಮನೆಗಿಷ್ಟೆಂದು ಹಂಚಿಕೊಳ್ಳುವುದು. ಕಾಳು ಹಾಲು ತುಂಬುವ ದಿನಗಳಲ್ಲಿ ರವಿವಾರಕ್ಕೊಂದು ಕುಟುಂಬ, ಮಕ್ಕಳ ಸಮೇತ ಹಕ್ಕಿ ಕಾಯಲು ಹೋಗುವುದು. ಕವಣೆ ಬೀಸಲು ಬಾರದ ಮಕ್ಕಳು ಡಬ್ಬಿ ಬಡಿದರೂ ನಡೆದೀತು. ಮನೆಯಲ್ಲಿ ಬಡಿಯುವುದನ್ನು ಅಲ್ಲಿ ಬಡಿಯಲಿ. ಕೂಲಿಯಾಗಿ ಸೀತನಿ ಉಂಟು. ಹಸಿದೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಕಾಳನ್ನು ಬೆಲ್ಲದೊಡನೆ ಬಾಯಿಗೆ ಹಾಕಿಕೊಂಡ ಮಗುವಿಗೆ ಜೋಳವೆಂದರೇನೆಂದು ಪಾಠ ಮಾಡಬೇಕಾಗಿಲ್ಲ.

ಹಿರಿಯರಿಗೆ ಈ ಮಾತು ತಿಳಿಸಿದಾಗ ಮೊದಲು ನಕ್ಕರು. ಉಣ್ಣಲು ಬಂದವರಿಂದ ಹಣ ಇಸಿದುಕೊಳ್ಳುವುದು ತಮ್ಮ ಮನೆತನದಲ್ಲಿಲ್ಲವೆಂದರು. ಮಕ್ಕಳು ಒಪ್ಪಿದ್ದಾರೆ. ಕಡೆಗೆ ಹಣದ ಮಾತು ಮಕ್ಕಳೊಡನೆ, ಹಕ್ಕಿಯ ಮಾತು ತಮ್ಮೊಡನೆ ಎಂದು ಹಿರಿಯರು ತೀರ್ಪಿತ್ತರು.

ಬರಲಿಚ್ಛಿಸುವವರು ಈ ಸಭೆ ಮುಗಿದ ಮೇಲೆ ಹೆಸರು ಕೊಡಬಹುದು. ಯಾವ ಧರ್ಮದವರು, ಯಾವ ಜಿಲ್ಲೆಯವರು ಎಂಬ ವಿಚಾರವಿಲ್ಲ. ಚಿಕ್ಕ ಮಕ್ಕಳಿರುವುದರಿಂದ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೋಗುವುದು ಬೇಡ. ರಾಯಚೂರಿಗೆ ಹೋಗಿ ಅಲ್ಲಿಂದ ದೇವದುರ್ಗದ ಬಸ್ಸು ಹಿಡಿಯೋಣ. ಮಕ್ಕಳಿಗೆ ಟೊಪ್ಪಿಗೆ, ಕುಡಿಯುವ ನೀರು, ಬಡಿಯಲೊಂದು ಡಬ್ಬಿ ಇರಲಿ. ರೊಟ್ಟಿಯನ್ನು ಹಿರಿಯರ ಮನೆಯಲ್ಲಿಯೇ ಬಡಿಯುತ್ತಾರಂತೆ.