ಅತಿಥಿಯಾಗಿ ಹೋಗಿ, ನೆರೆಯವರಾಗಿ ಬಾಳಿ

(ಮೊರೊಕ್ಕೋದ ಟ್ಯಾಂಜಿಯರ್ ನಗರಕ್ಕೆ ತೆರಳುತ್ತಿರುವ ಕುಟುಂಬವೊಂದರ ಬೀಳ್ಕೊಡುಗೆ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮೂರಿನ ಯುವ ಇಂಜಿನಿಯರರೊಬ್ಬರು ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಟ್ಯಾಂಜಿಯರ್‌ಗೆ ಹೊರಟು ನಿಂತಿದ್ದಾರೆ. ಅಲ್ಲಿನ ಬಂದರಿನಲ್ಲಿ ಅವರಿಗೆ ಉದ್ಯೋಗ ದೊರೆತಿದೆ. ಸುದ್ದಿ ತಿಳಿದಂದಿನಿಂದ ಅವರನ್ನು ಕಂಡವರೆಲ್ಲ ಕೇಳುತ್ತಿರುವ ಪ್ರಶ್ನೆ ಒಂದೇ: ಸಂಬಳ ಎಷ್ಟು? ಆ ಊರು ಎಂಥದು, ಅಲ್ಲಿನ ಜನ ಹೇಗೆ ಬದುಕುತ್ತಾರೆ ಎಂದು ಕೇಳಿದವರು ವಿರಳ. ದುಡಿಯಲು ಹೋಗುವ ಊರನ್ನು ಸಂಬಳದ ಅಂಕಿಯಿಂದ ಮಾತ್ರ ಗುರುತಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಆ ಅಭ್ಯಾಸದ ಕುರಿತೇ ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಅರಬಿಯಲ್ಲಿ ತಂಜಾ ಎಂದು ಕರೆಯಲ್ಪಡುವ ಈ ನಗರ ಆಫ್ರಿಕಾದ ವಾಯವ್ಯ ತುದಿಯಲ್ಲಿದೆ. ಎದುರಿಗೆ ಜಿಬ್ರಾಲ್ಟರ್ ಜಲಸಂಧಿ, ಅದರಾಚೆಗೆ ಸ್ಪೇನ್. ಜಲಸಂಧಿ ಅತ್ಯಂತ ಕಿರಿದಾಗಿರುವಲ್ಲಿ ಎರಡು ಖಂಡಗಳ ನಡುವಿನ ಅಂತರ ಸುಮಾರು 14 ಕಿಲೋಮೀಟರ್ ಮಾತ್ರ. ಹೀಗಾಗಿ ಈ ಬಂದರಿನ ಮೇಲೆ ಎಲ್ಲ ಶಕ್ತಿಗಳ ಕಣ್ಣು ಬಿದ್ದಿತ್ತು. 1471ರಲ್ಲಿ ಪೋರ್ಚುಗೀಸರು ಇದನ್ನು ವಶಪಡಿಸಿಕೊಂಡರು. 1661ರ ವಿವಾಹ ಒಪ್ಪಂದದಂತೆ ಪೋರ್ಚುಗಲ್‌ನ ರಾಜಕುಮಾರಿಯ ವರದಕ್ಷಿಣೆಯಾಗಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನ ಕೈ ಸೇರಿದ ಎರಡು ಊರುಗಳಲ್ಲಿ ಒಂದು ನಮ್ಮ ಮುಂಬೈ, ಇನ್ನೊಂದು ಟ್ಯಾಂಜಿಯರ್. ವರದಕ್ಷಿಣೆಯ ಪಿಡುಗು ಮನೆಗಳನ್ನಷ್ಟೇ ಅಲ್ಲ, ನಗರಗಳನ್ನೂ ಬಿಡಲಿಲ್ಲ! ಅಲ್ಲಿ ಬಾಳುತ್ತಿದ್ದ ಜನರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. 1684ರಲ್ಲಿ ಇಂಗ್ಲಿಷರು ಆ ನಗರವನ್ನು ತೊರೆದರು.

ಆದರೆ ನಮ್ಮ ಕರಾವಳಿಗೂ ಆ ನಗರಕ್ಕೂ ಇದಕ್ಕಿಂತ ಹಳೆಯ ನಂಟೊಂದಿದೆ. 1304ರಲ್ಲಿ ಟ್ಯಾಂಜಿಯರ್‌ನಲ್ಲಿ ಹುಟ್ಟಿದ ಇಬ್ನು ಬತೂತ, ತನ್ನ 21ನೇ ವಯಸ್ಸಿನಲ್ಲಿ ಹಜ್ಜ್‌ಗೆಂದು ಒಬ್ಬನೇ ಮನೆ ಬಿಟ್ಟು ಹೊರಟವನು, ಮುಂದೆ ನಮ್ಮ ಹೊನ್ನಾವರಕ್ಕೂ ಮಂಗಳೂರಿಗೂ ಬಂದ. ಹೊನ್ನಾವರದಲ್ಲಿ ಆತ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳನ್ನು ಕಂಡು, ಇಂತಹದ್ದನ್ನು ಬೇರೆಲ್ಲೂ ನೋಡಿಲ್ಲವೆಂದು ದಾಖಲಿಸಿದ. ಪರದೇಶಿಯೊಬ್ಬ ನಮ್ಮ ಊರಿನ ಹೆಣ್ಣುಮಕ್ಕಳ ವಿದ್ಯೆಯನ್ನು ಗಮನಿಸಿ ಬರೆದಿಟ್ಟದ್ದರಿಂದಲೇ ಇಂದು ನಾವು ಆ ಬಗ್ಗೆ ಹೆಮ್ಮೆಪಡುತ್ತಿದ್ದೇವೆ. ಕಣ್ಣು ತೆರೆದು ನೋಡುವ ಅತಿಥಿ ಆತಿಥೇಯನಿಗೂ ಉಪಕಾರಿ.

ಆ ಪ್ರಯಾಣಕ್ಕೆ ಆತ ತೆತ್ತ ಬೆಲೆಯನ್ನೂ ಮರೆಯಬಾರದು. ತಂದೆ ತೀರಿಕೊಂಡು ಹದಿನೈದು ವರ್ಷಗಳಾದ ಬಳಿಕ, 1348ರಲ್ಲಿ ದಮಾಸ್ಕಸ್‌ನಲ್ಲಿ ಆತನಿಗೆ ಆ ಸುದ್ದಿ ತಿಳಿಯಿತು. 1349ರಲ್ಲಿ ತಾಯ್ನಾಡಿಗೆ ಮರಳುವಾಗ ತಾಯಿಯೂ ಪ್ಲೇಗಿಗೆ ಬಲಿಯಾಗಿದ್ದಳು. ಜಗತ್ತನ್ನು ಸುತ್ತಿ ಬಂದ ಮಗನಿಗೆ ಹುಟ್ಟೂರಿನಲ್ಲಿ ಸಂದರ್ಶಿಸಲು ಉಳಿದದ್ದು ತಾಯಿಯ ಕಬರ್ ಮಾತ್ರ.

ಇನ್ನು ಟ್ಯಾಂಜಿಯರ್‌ಗೆ ಹೊರಗಿನಿಂದ ಬಂದು ನೆಲೆಸಿದವರ ಕಡೆಗೆ ನೋಡೋಣ. 1925ರಿಂದ 1956ರವರೆಗೆ ಈ ನಗರ ಹಲವು ದೇಶಗಳ ಜಂಟಿ ಆಡಳಿತದ ಅಂತಾರಾಷ್ಟ್ರೀಯ ವಲಯವಾಗಿತ್ತು. ನಡುವೆ ಎರಡನೇ ಮಹಾಯುದ್ಧ ಕಾಲದಲ್ಲಿ ಸ್ಪೇನ್ ಅದನ್ನು ಆಕ್ರಮಿಸಿಕೊಂಡಿತ್ತು. ಯೂರೋಪು ಮತ್ತು ಅಮೆರಿಕದ ವ್ಯಾಪಾರಿಗಳು, ಬ್ಯಾಂಕರುಗಳು, ಲೇಖಕರು ಸಲೀಸಾಗಿ ಬಂದು ನೆಲೆಸಿದರು. ಅವರಿಗೆ ಪ್ರತ್ಯೇಕ ನ್ಯಾಯಾಲಯವಿತ್ತು, ಪ್ರತ್ಯೇಕ ಅಂಚೆ ಕಚೇರಿಗಳಿದ್ದವು. ಶಾಸನ ಸಭೆಯ ಬಹುಪಾಲು ಸ್ಥಾನಗಳೂ ವಿದೇಶೀಯರ ಪಾಲಾಗಿದ್ದವು. ನೆಲದ ಮಕ್ಕಳು ತಮ್ಮದೇ ನೆಲದಲ್ಲಿ ಪರಕೀಯರಾದರು. ಅದೇ ಕಾಲದಲ್ಲಿ ರೀಫ್ ಪ್ರದೇಶದ ಬರಗಾಲಕ್ಕೆ ಹೆದರಿ ಹಸಿದ ಕುಟುಂಬಗಳೂ ಅದೇ ನಗರಕ್ಕೆ ವಲಸೆ ಬಂದವು. ಅಂಥದೊಂದು ಕುಟುಂಬದ ಹುಡುಗ ಮುಹಮ್ಮದ್ ಶುಕ್ರಿ ಇಪ್ಪತ್ತರ ವಯಸ್ಸಿನವರೆಗೆ ನಿರಕ್ಷರಿಯಾಗಿದ್ದು, ಮುಂದೆ ಮೊರೊಕ್ಕೋದ ಖ್ಯಾತ ಲೇಖಕರಾದರು. ಒಂದೇ ಬೀದಿಗೆ ಬಂದ ಇಬ್ಬರು ವಲಸಿಗರು. ಒಬ್ಬರಿಗೆ ವಿಲಾಸ, ಇನ್ನೊಬ್ಬರಿಗೆ ಹಸಿವು.

ಆದರೆ ಬಂದವರೆಲ್ಲರೂ ಒಂದೇ ಬಗೆಯವರಾಗಿರಲಿಲ್ಲ. 1947ರಲ್ಲಿ ಬಂದು, 1999ರಲ್ಲಿ ಅಲ್ಲೇ ಮೃತಪಟ್ಟ ಅಮೆರಿಕನ್ ಲೇಖಕ ಪಾಲ್ ಬೌಲ್ಸ್ ಅಲ್ಲಿನ ಆಡುಮಾತನ್ನು ಕಲಿತರು. ಓದುಬರಹ ಬಾರದ ಕಥೆಗಾರರ ಬಾಯಿಯಿಂದ ಕಥೆಗಳನ್ನು ಕೇಳಿ ಇಂಗ್ಲಿಷಿಗೆ ತಂದರು. ಮೊರೊಕ್ಕೋದ ಹಳ್ಳಿಗಳನ್ನು ಸುತ್ತಿ ಜನಪದ ಸಂಗೀತವನ್ನು ಧ್ವನಿಮುದ್ರಿಸಿದರು.

ಇಂದಿನ ಸ್ಥಿತಿ ಏನು? 1991ರಲ್ಲಿ ಸ್ಪೇನ್ ಮೊರೊಕ್ಕನ್ನರಿಗೆ ವೀಸಾ ಕಡ್ಡಾಯಗೊಳಿಸಿತು. ಯೂರೋಪಿನ ಪ್ರವಾಸಿ ಬೆಳಿಗ್ಗೆ ಹಡಗೇರಿ ಟ್ಯಾಂಜಿಯರ್‌ಗೆ ಬಂದು ಸಂಜೆ ಮರಳುತ್ತಾನೆ. ಅಲ್ಲಿನ ಯುವಕ ಎದುರು ದಡದ ದೀಪಗಳನ್ನು ನೋಡುತ್ತಾ ಬೆಳೆಯುತ್ತಾನೆ. ಸಹಾರಾದ ದಕ್ಷಿಣದ ದೇಶಗಳಿಂದ ಬಂದ ಬಡ ಯುವಕರು ಪುಟ್ಟ ದೋಣಿಗಳಲ್ಲಿ ಜಲಸಂಧಿ ದಾಟಲು ಹೊರಟು ಸಮುದ್ರಪಾಲಾಗುತ್ತಾರೆ. ಶ್ರೀಮಂತ ದೇಶದವನು ಹೊರಟರೆ ಅದು ಪ್ರವಾಸ, ಬಡವನು ಹೊರಟರೆ ನುಸುಳುವಿಕೆ! ಜಗತ್ತಿನ ಈ ದ್ವಿಮುಖ ನೀತಿಯನ್ನು ಆ ದಡದಲ್ಲಿ ನಿಂತು ನೋಡಿದಷ್ಟು ಸ್ಪಷ್ಟವಾಗಿ ಬೇರೆಡೆ ನೋಡುವುದು ಕಷ್ಟ. ಮೊರೊಕ್ಕೋ 2014ರಲ್ಲಿ ಸಾವಿರಾರು ದಾಖಲೆರಹಿತ ವಲಸಿಗರಿಗೆ ವಾಸದ ಪರವಾನಗಿ ನೀಡಿತೆಂಬುದನ್ನೂ ನೆನೆಯಬೇಕು.

ಬಂಧುಗಳೇ, ಉಪದೇಶಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಹದಿನೆಂಟು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದೆ. ಕೋಣೆಯಲ್ಲಿ ನಮ್ಮೂರಿನವರೇ, ತಟ್ಟೆಯಲ್ಲಿ ನಮ್ಮ ಮೀನು ಸಾರೇ. ಅರಬಿಯಲ್ಲಿ ಕಲಿತದ್ದು ‘ಯಲ್ಲಾ’, ‘ಸದೀಕ್’, ‘ಖಲ್ಲಿ ವಲ್ಲಿ’ ಇಷ್ಟೇ. ಅಲ್ಲಿನ ವ್ಯವಸ್ಥೆ ನಮ್ಮನ್ನು ದೂರವಿಟ್ಟಿತ್ತು ನಿಜ. ಆದರೆ ನಾನೂ ಒಂದು ಹೆಜ್ಜೆ ಮುಂದಿಡಲಿಲ್ಲ. ನನ್ನ ತಾಯಿ ತೀರಿಕೊಂಡಾಗ ರಜೆ ಸಿಗಲಿಲ್ಲ. ಇಬ್ನು ಬತೂತನಂತೆ ನನಗೂ ಉಳಿದದ್ದು ಕಬರ್ ಮಾತ್ರ. ಆತ ಬರೆದಂಥ ಗ್ರಂಥ ಮಾತ್ರ ನನ್ನ ಬಳಿಯಿಲ್ಲ.

ಆದ್ದರಿಂದ ಹೊರಟಿರುವ ಈ ದಂಪತಿಯಲ್ಲಿ ನನ್ನ ವಿನಂತಿ ಇದು. ಅಲ್ಲಿನ ಆಡುಮಾತು ದಾರಿಜಾವನ್ನು ಕಲಿಯಿರಿ. ಪುಸ್ತಕದ ಅರಬಿಯೊಂದೇ ಸಾಲದು. ಅವರು ಮಾಲಿಕಿ ಮದ್‌ಹಬ್‌ನವರು. ನಮಾಝಿನಲ್ಲಿ ಕೈ ಇಳಿಬಿಟ್ಟು ನಿಂತವರನ್ನು ಕಂಡು ಹುಬ್ಬೇರಿಸಬೇಡಿ, ವರ್ಶ್ ಶೈಲಿಯ ಕುರ್‌ಆನ್ ಪಾರಾಯಣ ಕೇಳಿ ಇಮಾಮರನ್ನು ತಿದ್ದಲು ಹೋಗಬೇಡಿ. ಶುಕ್ರವಾರ ನೆರೆಮನೆಯಿಂದ ಕುಸ್‌ಕುಸ್ ಬಂದರೆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬೇಡಿ. ದಾರಿಯಲ್ಲಿ ಸಿಗುವ ಕರಿಯ ವಲಸಿಗನನ್ನು ಕೀಳಾಗಿ ಕಾಣಬೇಡಿ. ಅವನೂ ನೀವೂ ಅನ್ನ ಅರಸಿ ಹೊರಟವರೇ, ನಿಮ್ಮ ಕೈಯಲ್ಲಿ ಕಾಗದವಿದೆ ಎಂಬುದಷ್ಟೇ ವ್ಯತ್ಯಾಸ. ಮದೀನಾದ ಅನ್ಸಾರರು ಮುಹಾಜಿರರೊಂದಿಗೆ ಮನೆ ಹಂಚಿಕೊಂಡ ಚರಿತ್ರೆಯನ್ನು ವೇದಿಕೆಯಲ್ಲಿ ಹೇಳುವ ನಾವು, ಅದನ್ನು ಬೀದಿಯಲ್ಲಿ ಪಾಲಿಸಬೇಕಾಗಿದೆ.

ಕೊನೆಯದಾಗಿ, ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನಿಮ್ಮ ತಂದೆ ತಾಯಿಯನ್ನೊಮ್ಮೆ ನೋಡಿ. ಹಣ ಕಳುಹಿಸಿದರೆ ಕರ್ತವ್ಯ ಮುಗಿಯಲಿಲ್ಲ. ಅವರು ಇರುವಾಗಲೇ ಬನ್ನಿ. ಬರುವಾಗ ಉಡುಗೊರೆಗಳ ಜೊತೆಗೆ ಆ ಊರಿನ ಕಥೆಯನ್ನೂ ತನ್ನಿ. ಹೊನ್ನಾವರದ ಶಾಲೆಗಳನ್ನು ಎಣಿಸಿದವನ ಊರಿಗೆ ಹೋಗುತ್ತಿದ್ದೀರಿ. ಅಲ್ಲಿ ನೀವೇನು ಎಣಿಸಿದಿರಿ ಎಂದು ನಾವು ಕೇಳುತ್ತೇವೆ.