ಒಂದೇ ಮರವನ್ನು ನಂಬಿದ ಹೊಲ
(ಧಾರವಾಡದಲ್ಲಿ ವಿದ್ಯಾರ್ಥಿಗಳು ಹಾಗೂ ಮಲೆನಾಡ ಸೆರಗಿನ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ಬದುವಿನ ಮೇಲೆ ನಿಂತ ಸುಬಾಬುಲ್ ಮರವನ್ನು ತಾವೆಲ್ಲರೂ ಬಲ್ಲಿರಿ. ಹುಣಸೆ, ಹೊಂಗೆಗಳಂತೆ ಇದೂ ದ್ವಿದಳ ಕುಟುಂಬದ್ದು. ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಮೇವು, ಉರುವಲು, ಮಣ್ಣಿಗೆ ಸಾರಜನಕ ಎಲ್ಲವನ್ನೂ ಕೊಡುವ ಮರವೆಂದು 1980ರ ದಶಕದಲ್ಲಿ ಇದನ್ನು ಎಲ್ಲೆಡೆ ನೆಡಲಾಯಿತು. ಹೆಸರಿನ ಅರ್ಥವೇ ‘ಒಳ್ಳೆಯ ಜಾಲಿ’.

1988ರ ಆರಂಭದಲ್ಲಿ ತಮಿಳುನಾಡಿನಲ್ಲಿ ಈ ಮರದ ಚಿಗುರುಗಳು ಮುರುಟಿಕೊಂಡವು. ಕಾರಣ, ಸುಮಾರು ಎರಡು ಮಿಲಿಮೀಟರ್ ಉದ್ದದ, ಜಿಗಿಯುವ ಹೇನಿನಂಥ ಕೀಟ: ಸಿಲ್ಲಿಡ್. ಅಮೆರಿಕದ ಉಷ್ಣವಲಯದಿಂದ ಹೊರಟ ಇದು 1984ರಲ್ಲಿ ಹವಾಯಿಯನ್ನು ಮುಟ್ಟಿ, ಫಿಲಿಪೀನ್ಸ್, ಇಂಡೋನೇಷ್ಯಾಗಳನ್ನು ದಾಟಿ ಬಂದಿತ್ತು. ಬಳಿಕ ಕರ್ನಾಟಕಕ್ಕೂ ಹಬ್ಬಿತು. ಎಳೆಯ ಚಿಗುರಿನಲ್ಲಿಯೇ ಇದು ಮೊಟ್ಟೆಯಿಡುತ್ತದೆ; ಸುಮಾರು ಎರಡು ವಾರಗಳಲ್ಲಿ ಹೊಸ ಪೀಳಿಗೆ ಸಿದ್ಧ. ಮರಿಗಳೂ ಪ್ರೌಢ ಕೀಟಗಳೂ ರಸ ಹೀರುತ್ತವೆ. ಅವು ಸ್ರವಿಸುವ ಸಿಹಿಯಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಎಲೆ ಉದುರುತ್ತದೆ.

ಇಷ್ಟು ಸಣ್ಣ ಹುಳುವಿಗೆ ಅಷ್ಟು ಬಲ ಎಲ್ಲಿಂದ ಬಂತು? ಅದರ ವೈರಿಗಳು ತವರಿನಲ್ಲೇ ಉಳಿದಿದ್ದವು. ಇತ್ತ ನಾವು ನೆಟ್ಟ ಮರಗಳು ಕೆಲವೇ ತಳಿಗಳವು. ಸುಬಾಬುಲ್ ಸ್ವಕೀಯ ಪರಾಗಸ್ಪರ್ಶದ ಮರವಾದ್ದರಿಂದ ಒಂದು ತಳಿಯ ಮರಗಳೆಲ್ಲ ಬಹುಪಾಲು ಒಂದೇ ಅಚ್ಚಿನವು. ಒಂದು ಸೋತರೆ ಸಾಲೆಲ್ಲ ಸೋಲುತ್ತದೆ.

1988ರಲ್ಲಿಯೇ ಥಾಯ್ಲೆಂಡಿನಿಂದ ಕ್ಯೂರಿನಸ್ ಎಂಬ ಗುಲಗಂಜಿ ಹುಳುವನ್ನು ತರಿಸಿ ಬೆಂಗಳೂರಿನ ಕಡೆ ಬಿಡಲಾಯಿತು. ಅದು ಸಿಲ್ಲಿಡ್‌ಗಳನ್ನು ತಿಂದು ಇಲ್ಲಿಯೇ ನೆಲೆಯೂರಿತು. ಮರಗಳೂ ಮಳೆ ಬಂದಾಗ ಮತ್ತೆ ಚಿಗುರಿದವು. ಆದರೆ ಮೇವಿಗೆ ಆ ಒಂದೇ ಮರವನ್ನು ನೆಚ್ಚಿದವನ ದನ ಮಳೆಯವರೆಗೆ ಕಾಯಬಲ್ಲದೇ?

ಇದಕ್ಕೆ ಕೆಲವೇ ತಿಂಗಳ ಹಿಂದೆ, 1987ರ ನವೆಂಬರ್ 14ರಂದು, ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿದ್ದರು. ಊರ ಗೋಮಾಳದ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ನೆಲ ಯಾರದು, ಮರ ಯಾರಿಗಾಗಿ ಎಂದು ಅವರು ಕೇಳಿದರು. ಒಂದೇ ಮರವನ್ನು ನಂಬಬಹುದೇ ಎಂಬುದು ಸಿಲ್ಲಿಡ್ ಕೇಳಿದ ಪ್ರಶ್ನೆ.

ಸುಬಾಬುಲ್ಲನ್ನು ಕಡಿದೊಗೆಯಿರೆಂದು ನಾನು ಹೇಳುತ್ತಿಲ್ಲ. ಅದರ ನಡುವೆ ಹೊಂಗೆ, ಬನ್ನಿ, ಮುತ್ತುಗ, ಹೊನ್ನೆಗಳಿಗೂ ಜಾಗವಿರಲಿ. ಕಾಯಿ ಬಲಿಯುವ ಮುನ್ನವೇ ಸೊಪ್ಪು ಸವರಿರಿ. ಬೀಜ ಸಿಡಿದರೆ ಅದೇ ಕಳೆಯಾದೀತು. ಹುಳು ಕಂಡೊಡನೆ ವಿಷ ಸಿಂಪಡಿಸಬೇಡಿ. ಗುಲಗಂಜಿ ಹುಳುವೂ ಸತ್ತೀತು. ವಿದ್ಯಾರ್ಥಿ ಮಿತ್ರರೇ, ನಾಳೆ ಒಂದು ಚಿಗುರನ್ನು ಬಿಡಿಸಿ ನೋಡಿರಿ. ಅಲ್ಲಿ ಯಾರು ಯಾರನ್ನು ತಿನ್ನುತ್ತಿದ್ದಾರೆಂದು ಬರೆದಿಡಿರಿ.