ಕೆಂಪು ಕುಲಾವಿಯ ಹುಡುಗ
(ಮಕ್ಕಳ ಚಿತ್ರಪುಸ್ತಕ ಮೇಳದ ಉದ್ಘಾಟನಾ ಭಾಷಣ)



ದೀಪ ಹಚ್ಚಿದ್ದಾಯಿತು. ಈ ಹೊತ್ತಿನಲ್ಲಿ ಒಬ್ಬ ಚಿತ್ರಕಾರರ ಬದುಕನ್ನು ನೆನೆಯುವುದು ಸರಿ ಎನಿಸಿತು. ಅವರು ಅಮೆರಿಕದ ಎಜ್ರಾ ಜ್ಯಾಕ್ ಕೀಟ್ಸ್. ಮಕ್ಕಳಿಗಾಗಿ ಬರೆದರು, ಬರೆದದ್ದಕ್ಕೆ ತಾವೇ ಚಿತ್ರ ರಚಿಸಿದರು.

ಕೀಟ್ಸ್ ಹುಟ್ಟಿದ್ದು 1916ರ ಮಾರ್ಚ್ 11ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಪೋಲೆಂಡಿನಿಂದ ವಲಸೆ ಬಂದ ಬಡ ಯಹೂದಿ ಕುಟುಂಬ. ತಂದೆ ಕಾಫಿ ಹೋಟೆಲಿನಲ್ಲಿ ಸಪ್ಲೈಯರ್. ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ ಎಂದು ಮಗನನ್ನು ಗದರುತ್ತಿದ್ದರು. ಆದರೂ ಆಗಾಗ ಒಂದು ಬಣ್ಣದ ಟ್ಯೂಬು ತಂದು ಕೈಗಿಡುತ್ತಿದ್ದರು. ಹಸಿದ ಕಲಾವಿದನೊಬ್ಬ ಒಂದು ಬಟ್ಟಲು ಸೂಪಿಗೆ ಬದಲಾಗಿ ಕೊಟ್ಟ ಎಂದು ನೆಪ ಹೇಳುತ್ತಿದ್ದರು. 1935ರಲ್ಲಿ, ಮಗನ ಹೈಸ್ಕೂಲು ಪದವಿ ಸಮಾರಂಭದ ಹಿಂದಿನ ದಿನ, ಆ ತಂದೆ ಹೃದಯಾಘಾತದಿಂದ ತೀರಿಕೊಂಡರು. ಶವ ಗುರುತಿಸಲು ಹೋದವನು ಮಗನೇ. ತಂದೆಯ ಪರ್ಸಿನಲ್ಲಿ ಪತ್ರಿಕೆಯ ಹಳೆಯ ತುಣುಕುಗಳಿದ್ದವು, ಮಡಿಸಿ ಮಡಿಸಿ ಸವೆದುಹೋಗಿದ್ದವು. ಎಲ್ಲವೂ ಮಗನ ಚಿತ್ರಗಳಿಗೆ ಬಹುಮಾನ ಬಂದ ಸುದ್ದಿಗಳೇ.

ಮುಂದೆ ಹೊಟ್ಟೆಪಾಡಿಗಾಗಿ ಕೀಟ್ಸ್ ಗೋಡೆಗಳ ಮೇಲೆ ಭಿತ್ತಿಚಿತ್ರ ಬರೆದರು, ಕಾಮಿಕ್ಸ್ ಕಂಪನಿಗೆ ದುಡಿದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಮರೆಮಾಚುವ ವಿನ್ಯಾಸಗಳನ್ನು ಮಾಡಿಕೊಟ್ಟರು. ಯಹೂದಿಗಳನ್ನು ಕಂಡರಾಗದ ಕಾಲ ಅದು. ಹಾಗಾಗಿ ಜೇಕಬ್ ಎಜ್ರಾ ಕಾಟ್ಜ್ ಎಂಬ ಹುಟ್ಟುಹೆಸರನ್ನು 1947ರಲ್ಲಿ ಬದಲಿಸಿಕೊಂಡರು. 1954ರಿಂದ ಬೇರೆಯವರ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯತೊಡಗಿದಾಗ ಒಂದು ಸಂಗತಿ ಅವರ ಮನಸ್ಸನ್ನು ಕೊರೆಯಿತು: ಕೈಗೆ ಬಂದ ಒಂದು ಕಥೆಯಲ್ಲೂ ಕಪ್ಪು ಮಗು ನಾಯಕನಾಗಿರಲಿಲ್ಲ.

ಅವರ ಸ್ಟುಡಿಯೋ ಗೋಡೆಯ ಮೇಲೆ ನಾಲ್ಕು ಫೋಟೋಗಳಿದ್ದವು. 1940ರಲ್ಲಿ ‘ಲೈಫ್’ ಪತ್ರಿಕೆಯಿಂದ ಕತ್ತರಿಸಿಟ್ಟದ್ದು. ಮಲೇರಿಯಾ ಪರೀಕ್ಷೆಗೆ ರಕ್ತ ಕೊಡಲು ನಿಂತ ಒಬ್ಬ ಪುಟ್ಟ ಕಪ್ಪು ಹುಡುಗ. ಮೊದಲು ಧೈರ್ಯ, ಆಮೇಲೆ ಅನುಮಾನ, ಆಮೇಲೆ ನೋವು, ಎಲ್ಲವೂ ಆ ಮುಖದಲ್ಲಿ. ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಕೀಟ್ಸ್ ಆ ಮುಖವನ್ನು ಜೋಪಾನ ಮಾಡಿದರು. 1962ರಲ್ಲಿ ಆ ಹುಡುಗನೇ ಪೀಟರ್ ಆಗಿ ‘ದಿ ಸ್ನೋಯಿ ಡೇ’ ಪುಸ್ತಕಕ್ಕೆ ಬಂದ.

ಕಥೆ ಇಷ್ಟೇ. ಬೆಳಗ್ಗೆ ಎದ್ದರೆ ಊರೆಲ್ಲ ಹಿಮ. ಕೆಂಪು ಕುಲಾವಿ, ಕೆಂಪು ಅಂಗಿ ತೊಟ್ಟ ಪೀಟರ್ ಹೊರಗೆ ಓಡುತ್ತಾನೆ, ಹೆಜ್ಜೆಗುರುತು ಮೂಡಿಸುತ್ತಾನೆ, ಕೋಲಿನಿಂದ ಮರಕ್ಕೆ ಬಾರಿಸಿ ತಲೆಮೇಲೆ ಹಿಮ ಬೀಳಿಸಿಕೊಳ್ಳುತ್ತಾನೆ. ನಾಳೆಗೆ ಇರಲಿ ಎಂದು ಒಂದು ಹಿಮದುಂಡೆಯನ್ನು ಜೇಬಿನಲ್ಲಿಟ್ಟು ಮನೆಗೆ ತರುತ್ತಾನೆ. ರಾತ್ರಿ ಕೈ ಹಾಕಿದರೆ ಜೇಬು ಖಾಲಿ!

ಪುಟಗಳನ್ನು ಹತ್ತಿರದಿಂದ ನೋಡಿ. ಅಮ್ಮನ ಉಡುಪು ಕಪಾಟಿಗೆ ಹಾಸುವ ಮೇಣಬಟ್ಟೆಯ ತುಂಡು. ಹಿಮದ ಹರಳುಗಳು ರಬ್ಬರನ್ನು ಕೆತ್ತಿ, ಬಣ್ಣದಲ್ಲಿ ಅದ್ದಿ ಒತ್ತಿದ ಅಚ್ಚುಗಳು. ಪೀಟರ್ ಮಲಗುವ ರಾತ್ರಿಯ ಬೂದು ಹಿನ್ನೆಲೆ ಹಲ್ಲುಜ್ಜುವ ಬ್ರಷ್ಷಿನಿಂದ ಸಿಡಿಸಿದ ಶಾಯಿ. ಮಕ್ಕಳೇ, ಇವೆಲ್ಲ ನಿಮ್ಮ ಮನೆಯಲ್ಲೂ ಇವೆ.

1963ರಲ್ಲಿ ಈ ಪುಸ್ತಕಕ್ಕೆ ಅಮೆರಿಕದ ಕಾಲ್ಡೆಕಾಟ್ ಪದಕ ಬಂತು. ಪೀಟರನ ಬಣ್ಣದ ಬಗ್ಗೆ ಕಥೆಯಲ್ಲಿ ಒಂದು ಮಾತೂ ಇಲ್ಲವಲ್ಲ ಎಂಬ ಆಕ್ಷೇಪವೂ ಬಂತು. ಆ ಮಾತಿಗೆ ಆ ದಿನಗಳ ಅಮೆರಿಕದಲ್ಲಿ ಕಾರಣವಿತ್ತು. ಆದರೆ ನನ್ನ ಮನಸ್ಸು ಕೀಟ್ಸರ ಕಡೆಗೇ ವಾಲುತ್ತದೆ. ಬಡವರ ಮಗು, ತುಳಿತಕ್ಕೊಳಗಾದವರ ಮಗು ಕಥೆಯೊಳಗೆ ಬರಬೇಕಾದರೆ ಕಷ್ಟವನ್ನು ಹೊತ್ತುಕೊಂಡೇ ಬರಬೇಕೆಂಬ ನಿಯಮ ಯಾಕೆ? ಹಿಮದಲ್ಲಿ ಹೊರಳಾಡುವ ಹಕ್ಕು ಅದಕ್ಕೂ ಇದೆ. ಶಿಕ್ಷಕಿಯೊಬ್ಬರು ಕೀಟ್ಸರಿಗೆ ಪತ್ರ ಬರೆದಿದ್ದರು: ತಮ್ಮನ್ನು ಗುಲಾಬಿ ಬಣ್ಣದಲ್ಲಿ ಬರೆದುಕೊಳ್ಳುತ್ತಿದ್ದ ಮಕ್ಕಳು ಈ ಪುಸ್ತಕ ಓದಿದ ಮೇಲೆ ಕಂದು ಬಣ್ಣದ ಕ್ರೆಯಾನು ಎತ್ತಿಕೊಳ್ಳುತ್ತಿದ್ದಾರೆಂದು. ಚಿತ್ರಪುಸ್ತಕದ ಶಕ್ತಿಗೆ ಇನ್ನೇನು ಸಾಕ್ಷಿ ಬೇಕು?

ಪೀಟರ್ ಏಳು ಪುಸ್ತಕಗಳಲ್ಲಿ ಬೆಳೆದ. ಕೀಟ್ಸ್ 1983ರಲ್ಲಿ ತೀರಿಕೊಂಡರು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ತನ್ನ 125 ವರ್ಷಗಳ ಲೆಕ್ಕ ತೆಗೆದಾಗ, ಓದುಗರು ಅತಿ ಹೆಚ್ಚು ಸಲ ಮನೆಗೆ ಒಯ್ದ ಪುಸ್ತಕ ‘ದಿ ಸ್ನೋಯಿ ಡೇ’ ಆಗಿತ್ತು: 4,85,583 ಸಲ.

ನಮ್ಮ ಕನ್ನಡದ ಚಿತ್ರಕಾರರಲ್ಲಿ, ಲೇಖಕರಲ್ಲಿ ನನ್ನದೊಂದು ಬೇಡಿಕೆ. ಇಟ್ಟಿಗೆ ಗೂಡಿನ ಪಕ್ಕ ಆಡುವ ಮಗು, ಕಾಡಂಚಿನ ಹಾಡಿಯ ಮಗು, ಗುಳೆ ಹೋದ ಅಪ್ಪ ಅಮ್ಮನ ಜೊತೆ ಊರೂರು ಸುತ್ತುವ ಮಗು, ಇವರೂ ನಿಮ್ಮ ಪುಟಗಳಲ್ಲಿ ಗಾಳಿಪಟ ಹಾರಿಸಲಿ, ಮೊದಲ ಮಳೆಯಲ್ಲಿ ನೆನೆಯಲಿ. ಅವರ ಮುಖವನ್ನು ಅವಸರವಿಲ್ಲದೆ ನೋಡಿ ಬರೆಯಿರಿ.

ಮೇಷ್ಟ್ರುಗಳೇ, ಶಾಲೆಯ ಪುಸ್ತಕದ ಬೀರುವಿಗೆ ಹಾಕಿರುವ ಬೀಗ ತೆಗೆಯಿರಿ. ಪುಸ್ತಕ ಹರಿದರೆ ಹರಿಯಲಿ, ಅಂಟಿಸೋಣ. ತಂದೆತಾಯಂದಿರೇ, ಇವತ್ತು ಯಾವ ಪುಸ್ತಕ ಕೊಳ್ಳಬೇಕೆಂದು ಮಗುವೇ ಆರಿಸಲಿ, ನೀವು ದುಡ್ಡು ಕೊಟ್ಟರೆ ಸಾಕು. ಮೇಳ ಉದ್ಘಾಟನೆಗೊಂಡಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಪುಟಾಣಿಗಳೇ, ಮೊದಲು ನೀವು ಒಳಗೆ ನಡೆಯಿರಿ.